ಕೆಮ್ಮಿದರೆ ಒಂದು ಫೋನ್ ಮಾಡಿ: ದಾವಣಗೆರೆಯ ನಾಯಿ ಬೋರ್ಡಿಂಗ್‌ಗಳ ಬಗ್ಗೆ ಒಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರು, ದಾವಣಗೆರೆ ಮಹಾನಗರ ಪಾಲಿಕೆ,
ಮಾನ್ಯ ಉಪ ನಿರ್ದೇಶಕರು, ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆ, ದಾವಣಗೆರೆ,
ಹಾಗೂ ಊರಿನಲ್ಲಿ ನಾಯಿ ಬೋರ್ಡಿಂಗ್ ನಡೆಸುವ ಎಲ್ಲರಿಗೂ,

ನಮಸ್ಕಾರ.

ನಮ್ಮ ಮನೆಯ ನಾಯಿಯ ಹೆಸರು ಬೆಣ್ಣೆ. ಜಾತಿ ನಾಯಿ ಏನಲ್ಲ. ಆರು ವರ್ಷದ ಹಿಂದೆ ಎಪಿಎಂಸಿ ಕಡೆ ರಸ್ತೆ ಬದಿಯಲ್ಲಿ ಸಿಕ್ಕ ಮರಿ. ಮೈಬಣ್ಣ ತಿಳಿ ಹಳದಿ. ದಾವಣಗೆರೆಯವರು ಅಂಥ ಮರಿಗೆ ಬೇರೆ ಏನು ಹೆಸರಿಡುತ್ತಾರೆ ಹೇಳಿ.

ಹೋದ ಬೇಸಿಗೆಯಲ್ಲಿ ಹುಬ್ಬಳ್ಳಿಯಲ್ಲಿ ನನ್ನ ಅಣ್ಣನ ಮಗಳ ಮದುವೆ. ಐದು ದಿನ ಮನೆಗೆ ಬೀಗ. ಬೆಣ್ಣೆಯನ್ನು ಊರಿನದೇ ಒಂದು ಬೋರ್ಡಿಂಗ್‌ನಲ್ಲಿ ಬಿಟ್ಟೆವು. ಅದರ ಹೆಸರು ಬರೆಯುವುದಿಲ್ಲ. ಬರೆದರೆ ಇದು ಆ ಒಬ್ಬ ಹುಡುಗನ ಮೇಲಿನ ದೂರಾಗಿ ಮುಗಿದುಹೋಗುತ್ತದೆ. ಅವನು ನಾಯಿಗಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾನೆ. ಹೊತ್ತಿಗೆ ಸರಿಯಾಗಿ ಅನ್ನ, ಕೋಳಿ, ಸಂಜೆ ವಾಕಿಂಗ್, ದಿನಕ್ಕೆರಡು ಫೋಟೊ. ಫೋಟೊದಲ್ಲಿ ಬೆಣ್ಣೆ ಬಾಲ ಆಡಿಸುತ್ತಿತ್ತು. ನಾವು ಮದುವೆ ಮನೆಯಲ್ಲಿ ನೆಮ್ಮದಿಯಾಗಿ ಹೋಳಿಗೆ ತಿಂದೆವು.

ಕರೆದುಕೊಂಡು ಬಂದ ಮೂರನೇ ರಾತ್ರಿ ಕೆಮ್ಮು ಶುರುವಾಯಿತು. ಅದು ನಾವು ಕೇಳಿದ ಥರದ ಕೆಮ್ಮಲ್ಲ. ಬಾತುಕೋಳಿ ಕೂಗಿದ ಹಾಗೆ ಒಣ ಸದ್ದು. ನಾಲ್ಕೈದು ಸಲ ಕೆಮ್ಮಿ, ಕೊನೆಗೆ ಕತ್ತು ಚಾಚಿ ಓಕರಿಸಿ, ಒಂದಿಷ್ಟು ಬಿಳಿ ನೊರೆ ಕಕ್ಕುವುದು. ನೋಡಿದವರಿಗೆಲ್ಲ ಬರುವುದು ಒಂದೇ ಯೋಚನೆ: ಗಂಟಲಲ್ಲಿ ಮೂಳೆ ಸಿಕ್ಕಿದೆ. ನಮ್ಮ ಯಜಮಾನರು ಟಾರ್ಚ್ ಹಿಡಿದರು, ನಾನು ಬಾಯಿಗೆ ಕೈ ಹಾಕಿದೆ. ಏನೂ ಸಿಗಲಿಲ್ಲ. ಮೂಳೆ ಇಳಿಯಲಿ ಅಂತ ದೊಡ್ಡ ಅನ್ನದ ಉಂಡೆ ಮಾಡಿ ತಿನ್ನಿಸಿದೆವು. ಗಬಗಬ ತಿಂದಿತು. ತಿಂದ ಮೇಲೆ ಮತ್ತೆ ಕೆಮ್ಮಿತು.

ಬೆಳಿಗ್ಗೆ ಎಂದಿನಂತೆ ವಾಕಿಂಗ್‌ಗೆ ಹೋದೆವು. ಎದುರು ಮನೆ ಅಜ್ಜನ ಪಗ್ ಎದುರಾಯಿತು. ಹೆಸರು ಚಿನ್ನಿ, ವಯಸ್ಸು ಹನ್ನೊಂದು. ಎರಡೂ ಹಳೇ ಸ್ನೇಹಿತರು. ಮೂಗಿಗೆ ಮೂಗು ತಾಗಿಸಿ ಮೂಸಿಕೊಂಡವು. ನಾನು ಪಕ್ಕದಲ್ಲಿ ನಿಂತು ಅಜ್ಜನ ಹತ್ತಿರ ಮದುವೆ ಊಟದ ವಿಷಯ ಮಾತಾಡುತ್ತಿದ್ದೆ.

ಸಂಜೆ ಡಾಕ್ಟರ್ ಹತ್ತಿರ ಹೋದರೆ, ಅವರು ಬೆಣ್ಣೆಯ ಗಂಟಲನ್ನು ಹೊರಗಿನಿಂದ ಎರಡು ಬೆರಳಲ್ಲಿ ಮೆಲ್ಲಗೆ ಅದುಮಿದರು. ತಕ್ಷಣ ಅದೇ ಬಾತುಕೋಳಿ ಸದ್ದು. 'ಬೋರ್ಡಿಂಗ್‌ನಲ್ಲಿ ಬಿಟ್ಟಿದ್ರಾ?' ಅಂತ ಕೇಳಿದರು. ನಾನು ಇನ್ನೂ ಹೇಳಿರಲೇ ಇಲ್ಲ.

ಇದಕ್ಕೆ ಎಲ್ಲರೂ ಕೆನಲ್ ಕಫ್ ಅನ್ನುತ್ತಾರೆ. ಒಂದೇ ರೋಗಾಣುವಿನ ಕೆಲಸ ಅಲ್ಲ. ಬೋರ್ಡೆಟೆಲ್ಲಾ ಅನ್ನುವ ಬ್ಯಾಕ್ಟೀರಿಯಾ, ಪ್ಯಾರಾಇನ್‌ಫ್ಲುಯೆಂಜಾ ವೈರಸ್, ಅಡಿನೋವೈರಸ್ ಎರಡನೇ ಬಗೆ, ನಾಯಿಗಳದೇ ಒಂದು ಉಸಿರಾಟದ ಕೊರೊನಾವೈರಸ್ (ನಮ್ಮನ್ನು ಕಾಡಿದ್ದು ಅದಲ್ಲ, ಗಾಬರಿ ಬೇಡ), ಮೈಕೋಪ್ಲಾಸ್ಮಾ, ಹೀಗೆ ಒಂದು ಗುಂಪೇ ಇದೆ. ಎಷ್ಟೋ ಸಲ ಎರಡು ಮೂರು ಸೇರಿಕೊಂಡು ಬರುತ್ತವೆ. ವೈರಸ್ ಮೊದಲು ಗಂಟಲ ಒಳಪದರವನ್ನು ಕೆಡಿಸುತ್ತದೆ, ಆಮೇಲೆ ಬ್ಯಾಕ್ಟೀರಿಯಾ ಬಂದು ಕೂರುತ್ತದೆ. ಕೆಮ್ಮಿದಾಗ, ಸೀನಿದಾಗ ಹಾರುವ ಹನಿಯಿಂದ, ಒಂದೇ ನೀರಿನ ಬಟ್ಟಲಿನಿಂದ, ಮೂಸುವುದರಿಂದ, ನೋಡಿಕೊಳ್ಳುವವರ ಕೈ ಬಟ್ಟೆಯಿಂದಲೂ ಹರಡುತ್ತದೆ.

ಆರೋಗ್ಯವಾಗಿರುವ ದೊಡ್ಡ ನಾಯಿಗೆ ಸಾಮಾನ್ಯವಾಗಿ ಒಂದರಿಂದ ಮೂರು ವಾರದಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಎಲ್ಲಕ್ಕೂ ಆ್ಯಂಟಿಬಯೋಟಿಕ್ ಬೇಕಾಗಿಲ್ಲ. ಬೆಣ್ಣೆಗೆ ಡಾಕ್ಟರ್ ಹೇಳಿದ್ದು ವಿಶ್ರಾಂತಿ, ಕುತ್ತಿಗೆ ಪಟ್ಟಿ ತೆಗೆದು ಎದೆಗೆ ಹಾಕುವ ಪಟ್ಟಿ, ಕೆಮ್ಮಿಗೆ ಒಂದು ಔಷಧಿ, ಮತ್ತೆ 'ಬೇರೆ ನಾಯಿ ಹತ್ತಿರ ಬಿಡಬೇಡಿ'. ಹನ್ನೆರಡನೇ ದಿನಕ್ಕೆ ಬೆಣ್ಣೆ ಸರಿಹೋಯಿತು.

ಚಿನ್ನಿ ಸರಿಹೋಗಲಿಲ್ಲ. ಪಗ್‌ಗಳ ಮೂಗು ಚಪ್ಪಟೆ, ಉಸಿರಿನ ದಾರಿ ಮೊದಲೇ ಕಿರಿದು. ಮೇಲಿಂದ ಮುದಿ ಪ್ರಾಣ, ಮೇಲಿಂದ ನಮ್ಮೂರ ಬೇಸಿಗೆ. ಆರನೇ ದಿನ ಕೆಮ್ಮು ಬಂತು. ಒಂಬತ್ತನೇ ದಿನ ಊಟ ಬಿಟ್ಟಿತು. ಮಲಗಿದ್ದಾಗಲೂ ಹೊಟ್ಟೆ ಎಳೆದುಕೊಂಡು ಉಸಿರಾಡುತ್ತಿತ್ತು. ಎಕ್ಸ್‌ರೇಯಲ್ಲಿ ನ್ಯುಮೋನಿಯಾ. ಆಕ್ಸಿಜನ್, ಡ್ರಿಪ್, ದಿನಾ ಇಂಜೆಕ್ಷನ್. ಅಜ್ಜನ ಮಗ ಬೆಂಗಳೂರಿನಿಂದ ಬಂದ. ಎರಡು ವಾರ ಆದಮೇಲೆ ಚಿನ್ನಿ ಎದ್ದು ಕೂತಿತು. ಉಳಿಯಿತು. ಆದರೆ ಈಗ ನಾಲ್ಕು ಹೆಜ್ಜೆ ನಡೆದರೆ ನಿಲ್ಲುತ್ತದೆ.

ನಾನು ಬೋರ್ಡಿಂಗ್ ಹುಡುಗನಿಗೆ ಫೋನ್ ಮಾಡಿದೆ. ಜಗಳ ಮಾಡಬೇಕೆಂದೇ ಮಾಡಿದ್ದು. ಅವನು ಸುಳ್ಳು ಹೇಳಲಿಲ್ಲ. 'ಹೌದು ಮೇಡಂ, ಒಂದು ಲ್ಯಾಬ್ರಡಾರ್ ನಾಯಿ ಎರಡು ದಿನದಿಂದ ಕೆಮ್ತಾ ಇತ್ತು ರೀ. ಅವರ ಮನೆಯವರು ಬಂದು ಕರ್ಕೊಂಡು ಹೋದ್ರು. ನಿಮ್ದು ಹೋಗುವಾಗ ಚೆನ್ನಾಗೇ ಇತ್ತಲ್ರೀ.' ಮತ್ತೆ ಯಾಕಪ್ಪ ಹೇಳಲಿಲ್ಲ ಅಂದೆ. 'ಹೇಳಿದ್ರೆ ನಾಳೆಯಿಂದ ಯಾರು ಬರ್ತಾರೆ ಮೇಡಂ? ಬೇರೆಯವರು ಯಾರೂ ಹೇಳಲ್ಲ. ನಾನೊಬ್ಬನೇ ಹೇಳಿದ್ರೆ ನಾನೊಬ್ಬನೇ ಬಾಗಿಲು ಹಾಕ್ಬೇಕು.'

ಬೈಯಬೇಕೆಂದಿದ್ದವಳಿಗೆ ಬಾಯಿ ಕಟ್ಟಿತು. ಯಾಕೆಂದರೆ ಡಾಕ್ಟರ್ ಹತ್ತಿರ ಹೋಗಿ ಬಂದ ಮೇಲೂ ಎರಡು ದಿನ ನಾನು ಅಜ್ಜನಿಗೆ ಹೇಳಿರಲಿಲ್ಲ. ಮೂಸಿಕೊಂಡದ್ದು ನನಗೆ ಚೆನ್ನಾಗಿ ನೆನಪಿತ್ತು. ಏನೂ ಆಗಲಿಕ್ಕಿಲ್ಲ ಬಿಡು ಅಂದುಕೊಂಡೆ. ನಿಜ ಹೇಳಬೇಕೆಂದರೆ ಮುಜುಗರ. ನಮ್ಮ ನಾಯಿಗೆ ಅಂಟುರೋಗ ಅಂತ ಎದುರು ಮನೆಗೆ ಹೋಗಿ ಯಾರು ಹೇಳಿಕೊಳ್ಳುತ್ತಾರೆ? ಮೂರನೇ ದಿನ ಹೇಳಿದಾಗ ಅಜ್ಜ ಬೈಯಲಿಲ್ಲ. 'ಅವತ್ತೇ ಹೇಳಿದ್ರೆ ನಾನು ದಿನಾ ಸಂಜೆ ಇದನ್ನ ಓಡಾಡಿಸ್ತಾನೇ ಇರಲಿಲ್ಲವಲ್ಲಮ್ಮ' ಅಂದರು. ಆ ಎರಡು ಸಂಜೆ ಚಿನ್ನಿ ಇನ್ನೆಷ್ಟು ನಾಯಿಗಳನ್ನು ಮೂಸಿತ್ತೋ.

ಹಾಗಾಗಿ ಆ ಹುಡುಗನಿಗೂ ನನಗೂ ಅಂಥ ವ್ಯತ್ಯಾಸವೇನಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಮುಂದಿನ ಮಾತು ಬರೆಯುತ್ತಿದ್ದೇನೆ.

ಆಯುಕ್ತರೇ, ಈ ರೋಗದ ಕಷ್ಟ ಏನೆಂದರೆ, ಅದು ಕಾಣುವ ಮೊದಲೇ ಹರಡಿರುತ್ತದೆ. ಸೋಂಕು ತಗುಲಿ ಕೆಮ್ಮು ಶುರುವಾಗಲು ಸಾಮಾನ್ಯವಾಗಿ ಮೂರರಿಂದ ಹತ್ತು ದಿನ, ಕೆಲವು ಸಲ ಎರಡು ವಾರ. ಕೆಮ್ಮು ನಿಂತ ಮೇಲೂ ಬೋರ್ಡೆಟೆಲ್ಲಾ ವಾರಗಟ್ಟಲೆ ನಾಯಿಯ ಮೂಗಿನಿಂದ ಹೊರಬೀಳುತ್ತಿರುತ್ತದೆ. ಅಂದರೆ ಬೋರ್ಡಿಂಗ್ ಬಾಗಿಲಲ್ಲಿ ನಿಂತು ಎಷ್ಟೇ ಕಣ್ಣಿಟ್ಟು ನೋಡಿದರೂ ಎಲ್ಲವನ್ನೂ ತಡೆಯಲಾಗುವುದಿಲ್ಲ. ಒಳ್ಳೆಯ ಬೋರ್ಡಿಂಗ್‌ನಲ್ಲೂ ಒಮ್ಮೊಮ್ಮೆ ಕೆಮ್ಮು ಬಂದೇ ಬರುತ್ತದೆ. ಅದು ತಪ್ಪಲ್ಲ. ಬಂದಮೇಲೆ ಆ ವಾರ ಅಲ್ಲಿದ್ದ ಅಷ್ಟೂ ನಾಯಿಗಳ ಮನೆಗೆ ಫೋನ್ ಹೋದರೆ ಸರಪಳಿ ಅಲ್ಲೇ ತುಂಡಾಗುತ್ತದೆ. ಹೋಗದಿದ್ದರೆ ಒಂದೊಂದು ನಾಯಿಯೂ ತನ್ನ ತನ್ನ ಬೀದಿಗೆ ಅದನ್ನು ಹೊತ್ತೊಯ್ಯುತ್ತದೆ.

ಆದರೆ ಫೋನ್ ಮಾಡುವವನು ಗಿರಾಕಿ ಕಳೆದುಕೊಳ್ಳುತ್ತಾನೆ, ಮುಚ್ಚಿಡುವವನಿಗೆ ಏನೂ ಆಗುವುದಿಲ್ಲ ಅಂತಾದರೆ ಯಾರು ಫೋನ್ ಮಾಡುತ್ತಾರೆ? ಅದಕ್ಕೇ ಇದು ಅವರವರ ಒಳ್ಳೆತನಕ್ಕೆ ಬಿಡುವ ವಿಷಯ ಅಲ್ಲ. ಎಲ್ಲರಿಗೂ ಒಂದೇ ನಿಯಮ ಇದ್ದರೆ 'ಪಾಲಿಕೆ ರೂಲ್ಸ್ ರೀ, ಹೇಳಲೇಬೇಕು' ಅಂತ ಆ ಹುಡುಗ ತಲೆ ಎತ್ತಿ ಹೇಳಬಹುದು. ನಾಚಿಕೆ ಅವನ ತಲೆಯಿಂದ ಇಳಿಯುತ್ತದೆ.

ಕಾನೂನಿನ ಕಡೆಯಿಂದ ನಾಯಿ ಸಾಕಣೆ ಮತ್ತು ಮಾರಾಟಕ್ಕೆ 2017ರ ಕೇಂದ್ರ ನಿಯಮಗಳಿವೆ, ಪೆಟ್ ಶಾಪ್‌ಗಳಿಗೆ 2018ರವು. ಅವುಗಳ ನೋಂದಣಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ಕೈಯಲ್ಲಿದೆ. ನಾನು ಅಷ್ಟು ದೂರ ಹೋಗುತ್ತಿಲ್ಲ. ವ್ಯಾಪಾರದ ಲೈಸೆನ್ಸ್ ಕೊಡುವುದು ಪಾಲಿಕೆ. ಅದರ ಜೊತೆಗೆ ಒಂದು ಹಾಳೆ ಷರತ್ತು ಸೇರಿಸಿ ಅಂತಷ್ಟೇ ಕೇಳುತ್ತಿದ್ದೇನೆ. ಮುಖ್ಯವಾದದ್ದು ಒಂದು ಪುಸ್ತಕ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಥರದ್ದೇ ಸಾಕು. ನಾಯಿಯ ಹೆಸರು, ಮನೆಯವರ ಫೋನ್ ನಂಬರ್, ಲಸಿಕೆ ಹಾಕಿಸಿದ ದಿನ, ಬಂದ ದಿನ, ಹೋದ ದಿನ, ಕೆಮ್ಮು ಸೀನು ಕಂಡಿತಾ ಇಲ್ವಾ. ಒಂದು ನಾಯಿ ಕೆಮ್ಮಿದರೆ ಹಿಂದಿನ ಎರಡು ವಾರದಲ್ಲಿ ಅಲ್ಲಿದ್ದ ಎಲ್ಲರಿಗೂ ಅದೇ ದಿನ ಫೋನ್, ಪಶು ಇಲಾಖೆಗೂ ಒಂದು ಫೋನ್. ಇದಕ್ಕೆ ಆ್ಯಪ್ ಬೇಡ, ಪೋರ್ಟಲ್ ಬೇಡ. ದಯವಿಟ್ಟು ಪೋರ್ಟಲ್ ಮಾಡಬೇಡಿ.

ಉಪ ನಿರ್ದೇಶಕರೇ, ನಿಮ್ಮಲ್ಲಿ ನನ್ನ ಕೋರಿಕೆ ಲಸಿಕೆಯ ಬಗ್ಗೆ. ಬೆಣ್ಣೆಯ ಲಸಿಕೆ ಬುಕ್ಕು ತುಂಬಿತ್ತು. ರೇಬೀಸ್ ಹಾಕಿಸಿದ್ದೆವು, 'ನೈನ್ ಇನ್ ಒನ್' ಹಾಕಿಸಿದ್ದೆವು. ಬೋರ್ಡಿಂಗ್ ಹುಡುಗನೂ ಬುಕ್ಕಿನ ಮುಖಪುಟ ನೋಡಿ 'ಓಕೆ ಮೇಡಂ' ಅಂದಿದ್ದ. ಒಂಬತ್ತು ರೋಗಕ್ಕೆ ಹಾಕಿಸಿದ ಮೇಲೆ ಇನ್ನೇನು ಉಳಿಯಿತು ಅಂತ ನಾವು ಅಂದುಕೊಂಡಿದ್ದೆವು. ಉಳಿದಿತ್ತು. ಆ ಒಂಬತ್ತರಲ್ಲಿ ಡಿಸ್ಟೆಂಪರ್, ಪಾರ್ವೊ (ಮರಿಗಳಿಗೆ ವಾಂತಿ, ರಕ್ತಭೇದಿ ಬರಿಸುವ ವೈರಸ್), ಅಡಿನೋವೈರಸ್, ಪ್ಯಾರಾಇನ್‌ಫ್ಲುಯೆಂಜಾ, ಇಲಿ ಜ್ವರದ ಬಗೆಗಳು ಎಲ್ಲ ಬರುತ್ತವೆ. ಬೋರ್ಡೆಟೆಲ್ಲಾ ಬರುವುದಿಲ್ಲ. ಅದಕ್ಕೆ ಬೇರೆಯೇ ಲಸಿಕೆ ಇದೆ, ಮೂಗಿಗೆ ಹನಿ ಹಾಕುವಂಥದ್ದು. ನಮ್ಮ ದೇಶದಲ್ಲೂ ಸಿಗುತ್ತದೆ. ಬೋರ್ಡೆಟೆಲ್ಲಾ ವಿರುದ್ಧ ಮೂರು ದಿನದಲ್ಲೇ ಕೆಲಸ ಶುರುಮಾಡುತ್ತದೆ, ಪ್ಯಾರಾಇನ್‌ಫ್ಲುಯೆಂಜಾ ವಿರುದ್ಧ ಮೂರು ವಾರ ಬೇಕು. ವರ್ಷಕ್ಕೊಮ್ಮೆ ಹಾಕಿಸಬೇಕು. ಹಾಕಿಸಿದರೂ ಕೆಮ್ಮು ಬರಲೇಬಾರದು ಅಂತೇನಿಲ್ಲ, ಬಂದರೆ ಜೋರಾಗಿ ಬರುವುದಿಲ್ಲ. ಇದನ್ನು ಆರು ವರ್ಷ ನಾಯಿ ಸಾಕಿದ ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನಕ್ಕೆ ಉಚಿತ ಲಸಿಕೆ ಕ್ಯಾಂಪ್ ನಡೆಯುತ್ತದಲ್ಲ, ಅಲ್ಲಿ ಈ ಕೆಮ್ಮಿನ ಬಗ್ಗೆಯೂ ಒಂದು ಕಾಗದ ಹಂಚಿಸಿ. ಹಾಗೆಯೇ ಕ್ಯಾಂಪಿನ ಬಾಗಿಲಲ್ಲಿ ಒಂದು ಬೋರ್ಡು ಹಾಕಿಸಿ: ಕೆಮ್ಮುವ ನಾಯಿಯನ್ನು ಒಳಗೆ ತರಬೇಡಿ, ಹೊರಗೇ ನಿಲ್ಲಿಸಿ, ನಾವೇ ಬರುತ್ತೇವೆ. ನೂರು ನಾಯಿ ಒಂದೇ ಕಡೆ ಸಾಲು ನಿಲ್ಲುವ ಜಾಗ ಅದು. ಒಂದು ಕೆಮ್ಮಿದರೆ ಸಾಕು.

ಪಶು ಆಸ್ಪತ್ರೆಗಳಿಗೂ ಈ ಮಾತು ಸಲ್ಲುತ್ತದೆ. ಕೆಮ್ಮುವ ನಾಯಿಯನ್ನು ಆಟೋದಲ್ಲೋ ಕಾರಲ್ಲೋ ಕೂರಿಸಿ, ಮೊದಲು ಮನೆಯವರು ಒಳಗೆ ಬಂದು ಹೇಳುವುದು ರೂಢಿಯಾದರೆ ಒಳ್ಳೆಯದು. ನಾನು ಬೆಣ್ಣೆಯನ್ನು ನೇರ ಒಳಗೆ ಕರೆದುಕೊಂಡು ಹೋಗಿ, ಪಾರ್ವೊ ಬಂದ ಮರಿಯೊಂದರ ಪಕ್ಕ ಅರ್ಧ ಗಂಟೆ ಕೂತಿದ್ದೆ.

ಇನ್ನೊಂದು ಭಯ ಇದೆ. ಕೆಮ್ಮೆಲ್ಲ ಕೆನಲ್ ಕಫ್ ಅಲ್ಲ. ಲಸಿಕೆ ಆಗದ ಮರಿಗೆ ಕೆಮ್ಮಿನ ಜೊತೆ ಕಣ್ಣಲ್ಲಿ ಪಿಸರು, ಮೂಗಲ್ಲಿ ದಪ್ಪ ಸಿಂಬಳ, ಜ್ವರ, ಭೇದಿ ಇದ್ದರೆ ಅದು ಡಿಸ್ಟೆಂಪರ್ ಇರಬಹುದು. ಅದು ಆಮೇಲೆ ಮಿದುಳಿಗೆ ಏರಿ ಫಿಟ್ಸ್ ಬರಿಸಬಹುದು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಅವುಗಳಲ್ಲಿ ಇದೇ ವೈರಸ್ ಪತ್ತೆಯಾಗಿತ್ತು. ಸಿಂಹವನ್ನೇ ಬಿಡದ್ದು ಮರಿಯನ್ನು ಬಿಡುತ್ತದಾ? ನಾಯಿ ಫ್ಲೂ ಅಂತಲೂ ಬೇರೆ ಇದೆ. ಅಮೆರಿಕದ ಶಿಕಾಗೊದಲ್ಲಿ 2015ರಲ್ಲಿ ಸಾವಿರಕ್ಕೂ ಹೆಚ್ಚು ನಾಯಿಗಳಿಗೆ ಅದು ಹರಡಿ, ಬೋರ್ಡಿಂಗ್‌ಗಳು ಬಾಗಿಲು ಹಾಕಬೇಕಾಯಿತು. ಅಲ್ಲಿ ಪರೀಕ್ಷೆ ಮಾಡಿದ್ದರಿಂದ ಯಾವ ವೈರಸ್ ಅಂತ ಗೊತ್ತಾಯಿತು. ಇಲ್ಲಿ ಒಂದೇ ಬೋರ್ಡಿಂಗ್‌ನಿಂದ ಮೂರು ನಾಲ್ಕು ನಾಯಿ ಒಟ್ಟಿಗೆ ಕೆಮ್ಮಿದರೆ, ಒಂದೆರಡರ ಗಂಟಲ ಸ್ವಾಬ್ ತೆಗೆದು ಕಳಿಸುವ ವ್ಯವಸ್ಥೆ ಮಾಡಿಸಿ ಸಾರ್. ಪಶುವೈದ್ಯಕೀಯ ಕಾಲೇಜು ಶಿವಮೊಗ್ಗದಲ್ಲೇ ಇದೆ, ಬೆಳಿಗ್ಗೆ ಹೋದರೆ ಮಧ್ಯಾಹ್ನದೊಳಗೆ ತಲುಪಿಸಬಹುದು.

ಈಗ ಬೋರ್ಡಿಂಗ್ ನಡೆಸುವವರಿಗೆ ನಾಲ್ಕು ಮಾತು. ನಿಮ್ಮ ಕಷ್ಟ ಗೊತ್ತು. ಮದುವೆ ಸೀಸನ್, ದಸರಾ, ದೀಪಾವಳಿ ಬಂದರೆ ಫೋನ್ ಮೇಲೆ ಫೋನ್. ದುಗ್ಗಮ್ಮನ ಜಾತ್ರೆಯಲ್ಲಂತೂ ಊರು ಬಿಟ್ಟು ಹೋಗುವವರಿಗಿಂತ ಮನೆ ತುಂಬ ನೆಂಟರು ಬಂದವರೇ ನಾಯಿ ತಂದು ಬಿಡುತ್ತಾರೆ. ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಹತ್ತು ನಾಯಿಯ ಜಾಗದಲ್ಲಿ ಹದಿನೆಂಟು ಇರುತ್ತವೆ. ಈ ರೋಗಕ್ಕೆ ಬೇಕಾದದ್ದೂ ಅದೇ. ತುಂಬಿದ ಕೋಣೆ, ಮುಚ್ಚಿದ ಕಿಟಕಿ, ಹೊಸ ಜಾಗಕ್ಕೆ ಬಂದು ಹೆದರಿದ ನಾಯಿ.

ಗಾಳಿ ಆಡಲಿ. ನಾಯಿ ಇಡುವ ಕೋಣೆಯಲ್ಲಿ ಗಂಟೆಗೆ ಹತ್ತರಿಂದ ಇಪ್ಪತ್ತು ಸಲ ಹೊಸ ಗಾಳಿ ಬರಬೇಕು ಅಂತ ತಿಳಿದವರು ಹೇಳುತ್ತಾರೆ. ಶೀಟಿನ ಕೋಣೆಗೆ ಎರಡೂ ಕಡೆ ಜಾಲರಿ ಕಿಟಕಿ, ಒಂದು ಎಕ್ಸಾಸ್ಟ್ ಫ್ಯಾನ್ ಇದ್ದರೂ ಬಹಳ ಅನುಕೂಲ. ಕಿಟಕಿ ಮುಚ್ಚಿ ಒಳಗೇ ಫ್ಯಾನ್ ತಿರುಗಿಸಿದರೆ ಒಂದು ನಾಯಿಯ ಉಸಿರು ಇನ್ನೊಂದಕ್ಕೆ ಹೋಗುತ್ತದೆ, ಅಷ್ಟೆ. ನೆಲ ತೊಳೆಯುವಾಗ ಮೊದಲು ಸೋಪಿನ ನೀರಲ್ಲಿ ಕೊಳೆ ತೆಗೆದು, ಆಮೇಲೆ ಬ್ಲೀಚಿಂಗ್ ಪೌಡರ್ ನೀರು ಹಾಕಿ ಹತ್ತು ನಿಮಿಷ ಬಿಡಿ. ಹೇಲಿನ ಮೇಲೆ ಬ್ಲೀಚಿಂಗ್ ಸುರಿದರೆ ಅದು ಕೆಲಸ ಮಾಡುವುದಿಲ್ಲ. ತೊಳೆಯುವಾಗ ನಾಯಿಗಳು ಹೊರಗಿರಲಿ, ಆ ಘಾಟು ಅವುಗಳ ಗಂಟಲಿಗೂ ಕೆಟ್ಟದ್ದು. ಕೆಮ್ಮುವ ನಾಯಿಗೆ ದೂರದಲ್ಲಿ ಒಂದು ಕೋಣೆ, ಅದರದೇ ಬಟ್ಟಲು, ಅದರದೇ ಹಗ್ಗ. ಊಟ ಹಾಕುವಾಗ ಚೆನ್ನಾಗಿರುವ ನಾಯಿಗಳಿಗೆ ಮೊದಲು, ಅದಕ್ಕೆ ಕೊನೆಗೆ. ಆಮೇಲೆ ಅಂಗಿ ಬದಲಿಸಿ. ಫ್ಲೂ ವೈರಸ್ ಬಟ್ಟೆಯ ಮೇಲೆ ಒಂದು ದಿನದ ತನಕ ಬದುಕಬಲ್ಲದು.

ಬಾಗಿಲಲ್ಲಿ ಲಸಿಕೆ ಬುಕ್ಕಿನ ಮುಖಪುಟ ಬಿಟ್ಟು ಒಳಗಿನ ಹಾಳೆ ನೋಡಿ. ಮೂಗಿನ ಹನಿ ಹಾಕಿಸಿ ಒಂದು ವಾರವಾದರೂ ಆಗಿರಲಿ. ನೆನ್ನೆ ಹಾಕಿಸಿಕೊಂಡು ಇವತ್ತು ತಂದರೆ ಪ್ರಯೋಜನ ಕಡಿಮೆ. ಕೆಲವು ನಾಯಿ ಹನಿ ಹಾಕಿಸಿದ ಮೇಲೆ ಎರಡು ದಿನ ಸೀನುತ್ತವೆ ಬೇರೆ, ಆಗ ಯಾವುದು ಲಸಿಕೆಯ ಸೀನು, ಯಾವುದು ರೋಗದ್ದು ಅಂತ ನಿಮಗೇ ತಿಳಿಯುವುದಿಲ್ಲ.

ನಾಯಿ ಸಾಕಿದವರಿಗೂ ಹೇಳದೆ ಬಿಡಲಾರೆ. ನಿಮ್ಮ ನಾಯಿ ಮನೆಯಲ್ಲಿ ಎರಡು ಸಲ ಕೆಮ್ಮಿದೆ, ನಾಳೆ ಬೆಳಿಗ್ಗೆ ಧರ್ಮಸ್ಥಳಕ್ಕೆ ಟಿಕೆಟ್ ಆಗಿದೆ. ಸುಮ್ನೆ ಬೋರ್ಡಿಂಗ್‌ಗೆ ಬಿಟ್ಟು ಹೋಗಬೇಡಿ. ಪ್ರಯಾಣ ಮುಂದೂಡಿ, ಇಲ್ಲವೇ ಮನೆಗೇ ಬಂದು ಊಟ ಹಾಕುವವರನ್ನು ಹುಡುಕಿ. ನಿಮಗೆ ತಂದಿಟ್ಟ ಕೆಮ್ಮಿನ ಸಿರಪ್, ಜ್ವರದ ಮಾತ್ರೆ ನಾಯಿಗೆ ಕೊಡಬೇಡಿ. ಐಬುಪ್ರೊಫೆನ್ ನಾಯಿಗೆ ವಿಷ, ಪ್ಯಾರಸಿಟಮಾಲ್ ಕೂಡ ಅಪಾಯ. ಸಕ್ಕರೆ ಇಲ್ಲದ ಕೆಲವು ಸಿರಪ್‌ಗಳಲ್ಲಿ ಹಾಕುವ ಕ್ಸೈಲಿಟಾಲ್ ಅಂತೂ ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಲೇ ಇಳಿಸಿಬಿಡುತ್ತದೆ. ನಾಯಿ ಮಲಗಿದ್ದಾಗ ಒಂದು ನಿಮಿಷ ಗಡಿಯಾರ ನೋಡಿ ಉಸಿರು ಎಣಿಸಿ. ಆರಾಮಾಗಿರುವ ನಾಯಿಗೆ ಸಾಮಾನ್ಯವಾಗಿ ಮೂವತ್ತರ ಒಳಗಿರುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ, ಊಟ ಬಿಟ್ಟರೆ, ನಾಲಿಗೆ ನೀಲಿಗೆ ತಿರುಗಿದರೆ ಬೆಳಗಾಗುವ ತನಕ ಕಾಯಬೇಡಿ. ಚಿನ್ನಿಯದು ಆ ರಾತ್ರಿ ಐವತ್ತು ದಾಟಿತ್ತು. ಎಣಿಸಬೇಕು ಅಂತ ಅಜ್ಜನಿಗೆ ಗೊತ್ತಿರಲಿಲ್ಲ, ನಾನು ಹೋಗಿ ಎಣಿಸಿದ್ದು.

ಬೀದಿ ನಾಯಿಗೇ ಗತಿಯಿಲ್ಲ, ನಿಮ್ಮದೊಂದು ಸಾಕಿದ ನಾಯಿಯ ಕೆಮ್ಮಾ ಅಂತ ಓದುವವರಲ್ಲಿ ಕೆಲವರು ಅಂದುಕೊಳ್ಳಬಹುದು. ಸಾಕಿದ ನಾಯಿ ಮತ್ತು ಬೀದಿ ನಾಯಿ ಉಸಿರಾಡುವುದು ಒಂದೇ ಬೀದಿಯಲ್ಲಿ ತಾನೇ. ಗೇಟಿನ ಸಂದಿಯಲ್ಲಿ ಮೂತಿ ತೂರಿಸಿ ಅವು ದಿನಾ ಮಾತಾಡಿಕೊಳ್ಳುತ್ತವೆ. ಬೀದಿ ಮರಿಗಳು ಕೆಮ್ಮಿ ಸತ್ತರೆ ಯಾರ ಪುಸ್ತಕದಲ್ಲೂ ಬರುವುದಿಲ್ಲ.

ಮುಂದಿನ ತಿಂಗಳು ಶಿವಮೊಗ್ಗದಲ್ಲಿ ನಾದಿನಿಯ ಮನೆ ಗೃಹಪ್ರವೇಶ. ಮೂರು ದಿನ ಹೋಗಬೇಕು. ಬೆಣ್ಣೆಗೆ ಮೂಗಿನ ಹನಿ ಹಾಕಿಸಿದ್ದೇವೆ. ಡಾಕ್ಟರ್ ಮೂತಿ ಹಿಡಿದು ಹಾಕಿದಾಗ ನನ್ನನ್ನೇ ದುರುಗುಟ್ಟಿ ನೋಡಿತು. ಹೋದ ವಾರ ಆ ಬೋರ್ಡಿಂಗ್ ಹುಡುಗ ತಾನೇ ಫೋನ್ ಮಾಡಿದ್ದ. 'ಮೇಡಂ, ಒಂದು ಪುಸ್ತಕ ತಂದಿದೀನಿ, ಹಿಂದಿನ ಕೋಣೆ ಖಾಲಿ ಮಾಡ್ಸಿದೀನಿ, ಒಂದ್ಸಲ ಬಂದು ನೋಡ್ರಿ' ಅಂದ. ಭಾನುವಾರ ಹೋಗಿ ನೋಡಿ ಬರುತ್ತೇನೆ. ಅಜ್ಜನೂ ಬರುತ್ತೇನೆ ಅಂದಿದ್ದಾರೆ.

ಇಂತಿ,
ಬೆಣ್ಣೆಯ ಮನೆಯವರು,
ವಿದ್ಯಾನಗರ, ದಾವಣಗೆರೆ